ನಾ ದಾರಿ ನೋಡಿ ಬರ್ತೇನಿ

ಬೀದರಿನಿಂದ ನಾವು ಐದಾರು ಗೆಳೆಯರು ಭಾನುವಾರ ಬಂತೆಂದರೆ ಮಾಂಜ್ರಾ ದಂಡೆಯ ಕುರುಚಲು ಕಾಡಿನಲ್ಲಿ ನಡೆಯಲು ಹೋಗುತ್ತಿದ್ದೆವು. ದಾರಿ ತೋರಿಸಲು ಬರುತ್ತಿದ್ದವರು ಔರಾದ್ ಕಡೆಯ ಒಬ್ಬ ಹಿರಿಯರು. ಕಾಲುದಾರಿ ಎಲ್ಲಿ ಕವಲೊಡೆದರೂ ಕೋಲು ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸುತ್ತಿದ್ದರು.

"ನೀವು ಕೂಡ್ರಿ ಸರ್, ನಾ ದಾರಿ ನೋಡಿ ಬರ್ತೇನಿ."

ಸ್ವಲ್ಪ ಹೊತ್ತಿಗೆ ಧೋತರಕ್ಕೆ ಅಂಟಿದ ಮುಳ್ಳು ಕೀಳುತ್ತ ಬಂದು, ಹೋಗಬಾರದ ದಾರಿಗೆ ಒಂದು ಜಾಲಿ ಟೊಂಗೆ ಎಳೆದಿಟ್ಟು ಮುಂದೆ ನಡೆಯುತ್ತಿದ್ದರು. ನಾವು ಒಂದು ಸಲವೂ ದಾರಿ ತಪ್ಪಲಿಲ್ಲ. ಮಧ್ಯಾಹ್ನ ಹೊಳೆಯ ದಂಡೆಗೆ ಕೂತಾಗ ಅವರ ಬುತ್ತಿಯ ಜೋಳದ ರೊಟ್ಟಿ, ಪುಂಡಿಪಲ್ಯ ನಾನೇ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದೆ.

ಒಂದು ಸಲ ನಡಿಗೆ ಮುಗಿದದ್ದು ನನ್ನ ಸೋದರತ್ತೆಯ ಊರಿನಲ್ಲಿ. ಚಹಾ ಕುಡಿಯೋಣವೆಂದು ಎಲ್ಲರನ್ನೂ ಕರೆದುಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ಆ ಹಿರಿಯರನ್ನು ಮೇಲಿಂದ ಕೆಳಗೆ ನೋಡಿ, ನನ್ನನ್ನು ಕೇಳಿದರು: "ಇವ್ರು ಯಾರ ಪೈಕಿ ಅಪ್ಪಾ?"

ಕೇಳಿದ್ದು ಜಾತಿ. ನನಗೆ ಗೊತ್ತಿತ್ತು. ಹೇಳಿದರೆ ಅತ್ತೆ ಒಳಗೆ ಬಿಡುವುದಿಲ್ಲ ಎನ್ನುವುದೂ ಗೊತ್ತಿತ್ತು. ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದೆ. ಬಿಚ್ಚಿದ್ದನ್ನೇ ಮತ್ತೆ ಬಿಚ್ಚಿದೆ.

ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಹಿರಿಯರು ಹಿಂದಕ್ಕೆ ತೆಗೆದರು.

"ನೀವು ಕೂಡ್ರಿ ಸರ್, ನಾ ದಾರಿ ನೋಡಿ ಬರ್ತೇನಿ."

ಅತ್ತೆಯ ಮನೆಯ ಮುಂದಿರುವುದು ಬಸ್ಸು ಓಡಾಡುವ ನೆಟ್ಟನೆಯ ಡಾಂಬರು ರಸ್ತೆ.

"ಹೂಂ, ನೋಡಿ ಬರ್ರಿ" ಅಂದೆ.