ಜಗದಾಂಬನ ಕಿವಿಗೊಂದು ತಗಡು

ಜಗದಾಂಬ ಒಂದೇ ಕೈಯಲ್ಲಿ ಊರನ್ನೆಲ್ಲ ಮಾತಾಡಿಸುತ್ತಿದ್ದಳು. ಹೀಗೆಂದರೆ ಈಗಿನವರು ಮುದುಕ ಬುರುಡೆ ಬಿಡುತ್ತಿದ್ದಾನೆ ಎನ್ನುತ್ತಾರೆ. ಎನ್ನಲಿ. ನಾನು ಮಹೇಶ್ವರಪ್ಪ, ಶಿರಾಳಕೊಪ್ಪದಲ್ಲಿ ಟೆಲಿಫೋನ್ ಲೈನ್‌ಮನ್ ಆಗಿದ್ದವನು. ಶಿಕಾರಿಪುರದ ಕಡೆಗೂ ಸೊರಬದ ಕಡೆಗೂ ತಂತಿ ಹೊತ್ತು ನಿಂತ ಕಂಬಗಳೆಲ್ಲ ನನ್ನ ಸುಪರ್ದಿನಲ್ಲಿದ್ದವು. ತಂತಿಗೆ ಜೋತುಬೀಳುವ ಮಂಗಗಳನ್ನೂ ಕಂಬಕ್ಕೆ ಎಮ್ಮೆ ಕಟ್ಟುವ ಮನುಷ್ಯರನ್ನೂ ಬೈದು ಬೈದು ನನ್ನ ಗಂಟಲು ಒರಟಾಗಿತ್ತು. ಯಾರನ್ನೂ ಸುಲಭಕ್ಕೆ ಮೆಚ್ಚುವ ಜಾಯಮಾನ ನನ್ನದಲ್ಲ. ಆದರೆ ಅವಳು ಕೆಲಸ ಮಾಡುವುದನ್ನು ಮೊದಲ ಸಲ ಕಂಡಾಗ, ಕೈಯಲ್ಲಿದ್ದ ಇಕ್ಕಳ ಕೆಳಗಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

ಅವಳು ಚಿಕ್ಕವಳಿದ್ದಾಗ ಆಲೆಮನೆಯ ಗಾಣಕ್ಕೆ ಕಬ್ಬು ಕೊಡಲು ಹೋಗಿ ಎಡಗೈ ಮೊಣಕೈವರೆಗೆ ಹೋಗಿತ್ತು. ಅಪ್ಪ ಮೇಷ್ಟರು, ಬದುಕಿರುವವರೆಗೆ ಮಗಳನ್ನು ಓದಿಸಿದರು. ಅವರು ತೀರಿಕೊಂಡ ಮೇಲೆ ತಾಯಿ ಮಹಾದೇವಮ್ಮನ ಜೊತೆ ಅಣ್ಣನ ಮನೆಗೆ ಸೇರಿದಳು. ಅಣ್ಣ ಬೀಜದ ವ್ಯಾಪಾರಿ. ತಂಗಿ ಎಂದರೆ ಮೂಟೆಯ ಜೊತೆ ಬಂದ ಜೊಳ್ಳು ಎಂದುಕೊಂಡಿದ್ದ ಪುಣ್ಯಾತ್ಮ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು, ಒಂದು ಮಾತೂ ಹೇಳದೆ ಹೋಗುತ್ತಿದ್ದರು. ಆಮೇಲೆ ಅವರು ಬರುವುದೂ ನಿಂತಿತು.

ಐವತ್ತೇಳರಲ್ಲಿ ನಮ್ಮೂರಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಬಂತು. ಹೊರಗಿನಿಂದ ಬಂದ ಆಪರೇಟರ್‌ಗಳಲ್ಲಿ ಒಬ್ಬನಿಗೆ ಚಳಿಜ್ವರ, ಇನ್ನೊಬ್ಬನಿಗೆ ಹೆಂಡತಿಯ ನೆನಪು, ಇಬ್ಬರೂ ಓಡಿಹೋದರು. ಆಗ ಹಂಗಾಮಿಯಾಗಿ ಕೂತುಕೊಳ್ಳಲು ಯಾರಾದರೂ ಸಿಕ್ಕರೆ ಸಾಕಾಗಿತ್ತು. ಜಗದಾಂಬ ತಾನೇ ಬಂದು ಕೇಳಿದಳು. ಬೇರೆ ಯಾರೂ ಇರಲಿಲ್ಲವಾದ್ದರಿಂದ ಕೊಟ್ಟರು.

ಆ ಕೆಲಸ ಹೇಗೆ ಎಂದು ಹೇಳಬೇಕು. ಎದುರಿಗೆ ಬೀರುವಿನಂಥ ಮರದ ಬೋರ್ಡು, ಅದರ ತುಂಬ ಒಬ್ಬೊಬ್ಬ ಗಿರಾಕಿಗೊಂದು ತೂತು, ತೂತಿನ ಮೇಲೊಂದು ಪುಟ್ಟ ಮುಚ್ಚಳ. ಯಾರಾದರೂ ತಮ್ಮ ಮನೆಯ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಪ್ಪೆಂದು ಬೀಳುತ್ತದೆ. ಆ ತೂತಿಗೆ ಒಳಗೆ ತಂತಿಯಿರುವ ಒಂದು ಹಗ್ಗ ಸಿಕ್ಕಿಸಿ ಯಾರು ಬೇಕೆಂದು ಕೇಳಬೇಕು. ಬೇಕಾದವರ ತೂತಿಗೆ ಇನ್ನೊಂದು ಹಗ್ಗ ಸಿಕ್ಕಿಸಿ, ಪಕ್ಕದ ಹಿಡಿ ತಿರುಗಿಸಿ ಗಂಟೆ ಹೊಡೆಯಬೇಕು. ಎರಡು ಕೈಯಿದ್ದವರೇ ಸಂತೆಯ ದಿನ ಸೋತು ಹೋಗುತ್ತಾರೆ. ಜಗದಾಂಬ ಎರಡು ಹಗ್ಗಗಳನ್ನು ಒಂದೇ ಕೈಯ ಬೆರಳುಗಳ ನಡುವೆ ಹೂ ಕಟ್ಟುವವರಂತೆ ಹಿಡಿಯುತ್ತಿದ್ದಳು. ಗಂಟೆಯ ಹಿಡಿಯನ್ನು ಮೋಟುಗೈಯಿಂದ ತಿರುಗಿಸುತ್ತಿದ್ದಳು. ಮೆಣಸಿನಕಾಯಿ ಮಂಡಿಯವರು ಎಲ್ಲರೂ ಒಟ್ಟಿಗೆ ಅರಚಿಕೊಂಡರೂ ಅವಳ ದನಿ ಏರುತ್ತಿರಲಿಲ್ಲ.

ಇಷ್ಟೆಲ್ಲ ಸಾಧ್ಯವಾದದ್ದು ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್ಟಿನಿಂದ. ಉಕ್ಕಿನ ಪಟ್ಟಿ, ಅದರ ತುದಿಗೆ ಕಿವಿಯ ಬಟ್ಟಲು, ಎದೆಯ ಮೇಲೆ ಕೊಂಬಿನಂಥ ಮಾತಿನ ಕೊಳವೆ. ಯುದ್ಧಕಾಲದ ಹಳೇ ಸಾಮಾನು. ಅದು ಕೇಳಿಸಿಕೊಳ್ಳುವ ಕೆಲಸವನ್ನು ತಲೆಗೆ ವಹಿಸಿ ಅವಳ ಒಂದೇ ಕೈಗೆ ಬಿಡುವು ಮಾಡಿಕೊಟ್ಟಿತ್ತು.

ಐವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಿವಿ ಸತ್ತಿತು. ಬಟ್ಟಲಿನ ಮುಚ್ಚಳ ತಿರುಗಿಸಿ ನೋಡಿದೆ. ಒಳಗಿನ ಅಯಸ್ಕಾಂತದ ಮೇಲೆ ಕೂರುವ, ಅದುರಿ ಅದುರಿ ಮಾತಾಗುವ ತೆಳ್ಳನೆಯ ಕಬ್ಬಿಣದ ತಗಡು ತುಕ್ಕು ಹಿಡಿದು ಹರಿದಿತ್ತು. ಮೇಲಿನ ಕಚೇರಿಗೆ ಬರೆದೆವು. ಪಾರ್ಸೆಲ್ ಬಂತು. ಬಿಚ್ಚಿದರೆ ಹೊಸ ಮಾದರಿಯ ತಗಡು! ನಮ್ಮ ಬಟ್ಟಲಿನೊಳಗೆ ಅದು ತಟ್ಟೆಯಲ್ಲಿಟ್ಟ ಅಡಿಕೆಯ ಹಾಗೆ ಉರುಳಾಡಿತು. ಜೊತೆಗೆ ಬಂದ ಹೊಸ ಬಟ್ಟಲನ್ನೇ ಹಾಕೋಣವೆಂದರೆ ಅದರ ತಿರುಪಿನ ಸುತ್ತು ಹಳೇ ಪಟ್ಟಿಗೆ ಕೂರಲಿಲ್ಲ. ನಾನು ಆ ಪಾರ್ಸೆಲ್ಲಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಸರಿಯಾದದ್ದು ಸಿಗುವವರೆಗೆ ಕೈಯಲ್ಲಿ ಹಿಡಿಯುವ ರಿಸೀವರ್ ಬಳಸಿ ಎಂದರು ಮೇಲಿನ ಕಚೇರಿಯವರು. ಅದನ್ನು ಹಿಡಿದರೆ ಹಗ್ಗ ಹಿಡಿಯುವುದು ಯಾವ ಕೈಯಲ್ಲಿ? ಜಗದಾಂಬ ಅಪ್ಪನ ಹಳೇ ರುಮಾಲಿನಿಂದ ರಿಸೀವರನ್ನು ತಲೆಗೆ ಕಟ್ಟಿಕೊಂಡಳು. ಅದು ಗಳಿಗೆಗೊಮ್ಮೆ ಜಾರುತ್ತಿತ್ತು. ಬೆಲ್ಲದ ವ್ಯಾಪಾರಿ ಕರಿಯಣ್ಣನಿಗೆ ಪೊಲೀಸ್ ಠಾಣೆ ಸಿಕ್ಕಿ, ಅವನು ಹೆಸರು ಹೇಳುವ ಮೊದಲೇ ತಾನೇನೂ ತಪ್ಪು ಮಾಡಿಲ್ಲವೆಂದು ಹೇಳಿಬಿಟ್ಟ. ಊರು ನಕ್ಕಿತು, ಆಮೇಲೆ ಗೊಣಗಿತು. ಅಂಥ ದಿನವೇ ನಮ್ಮ ಟೆಲಿಫೋನ್ ಇಲಾಖೆಯ ಇನ್‌ಸ್ಪೆಕ್ಟರ್ ಬರಬೇಕೆ?

ಅವರು ಕೆಟ್ಟ ಮನುಷ್ಯರೇನಲ್ಲ. ರುಮಾಲು ಕಟ್ಟಿಕೊಂಡವಳನ್ನು ಬಹಳ ಹೊತ್ತು ನೋಡಿದರು. “ಹೆಡ್‌ಸೆಟ್ ಸರಿಯಾದರೆ ನಿಮ್ಮನ್ನು ಕಾಯಂ ಮಾಡಲು ನಾನೇ ಬರೀತೀನಮ್ಮ. ಆಗದಿದ್ದರೆ ಮುಂದಿನ ಸೋಮವಾರ ಬೇರೆಯವರು ಬಂದು ಕೂರ್ತಾರೆ. ನನ್ನ ಕೈಯಲ್ಲಿ ಅಷ್ಟೇ ಇರೋದು” ಎಂದರು.

ಜಗದಾಂಬ ತಲೆಯಾಡಿಸಿದಳು. ಅವರು ಹೋದ ಮೇಲೆ ನನಗೆ ಹೇಳಿದಳು: “ಅಣ್ಣನ ಮನಿ ಹಿತ್ತಲ ಕೋಣೆಗೆ ಒಂದು ಕಿಟಕಿ ಇಲ್ರೀ ಮಹೇಶ್ವರಪ್ಪನೋರೆ. ಇಲ್ಲಿ ಕೂತ್ರ ನನಗ ಸೊರಬ ಕೇಳಿಸ್ತದ, ಶಿಕಾರಿಪುರ ಕೇಳಿಸ್ತದ. ಮತ್ತ ಆ ಕೋಣ್ಯಾಗ ಹೋಗಿ ಹ್ಯಾಂಗ ಕೂಡ್ಲಿ?”

ಹರಿದ ತಗಡನ್ನು ಎತ್ತಿಕೊಂಡು ನೇರವಾಗಿ ಅಕ್ಕಸಾಲಿ ಹುಚ್ಚರಾಯಪ್ಪನ ಅಂಗಡಿಗೆ ಹೋದೆ. ಇದೇ ಅಗಲ, ಇದೇ ತೆಳುವು, ಕಬ್ಬಿಣದ್ದೇ ಬೇಕು ಎಂದು ಬಿಡಿಸಿ ಹೇಳಿದೆ. ಅವನು ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮೂರನೆಯ ದಿನ ವೀಳ್ಯದೆಲೆಯ ಮೇಲೆ ಕುಂಕುಮ ಹಚ್ಚಿ ತಂದಿಟ್ಟ. ಬೆಳ್ಳಿ! ಊದಿದರೆ ನಡುಗುವಷ್ಟು ತೆಳ್ಳಗೆ, ಚಂದ್ರನ ಹಾಗೆ ದುಂಡಗೆ.

“ಕಬ್ಬಿಣ ಅಂದಿದ್ನಲ್ಲೋ ಮಾರಾಯ!”

“ಹೆಣ್ಮಗಳ ಕಿವೀಗೆ ಕಬ್ಬಿಣ ಇಡೋದೇನ್ರೀ? ನಿಮಗ ತಿಳೀಬಾರ್ದಾ? ಕಿವೀಗೆ ಬಂಗಾರ ಇಡಬೇಕು, ಇಲ್ಲಾ ಬೆಳ್ಳಿ. ನನ್ನ ಕೈಯಾರೆ ಕಬ್ಬಿಣ ಮಾಡಿಕೊಟ್ರೆ ಆ ಮಗೂಗೆ ಒಳ್ಳೇದಾದೀತಾ?”

ಇಂಥವನ ಮೇಲೆ ಎಷ್ಟು ಸಿಟ್ಟು ಮಾಡುವುದು? ಬೆಳ್ಳಿಯನ್ನು ಬಟ್ಟಲಿಗೆ ಹಾಕಿ ಜಗದಾಂಬನಿಗೆ ಕೊಟ್ಟೆವು. ಅಯಸ್ಕಾಂತ ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಪಿಸುಮಾತೂ ಬರಲಿಲ್ಲ. ಕೊನೆಗೆ ಹುಚ್ಚರಾಯಪ್ಪ ಕೈಮುಗಿದು ಕಬ್ಬಿಣವನ್ನೂ ಬಡಿದುಕೊಟ್ಟ. ಸುತ್ತಿಗೆಯ ಏಟು ಬಿದ್ದ ಆ ತಗಡಿನಲ್ಲಿ ಮಾತೆಲ್ಲ ಜೀರುಂಡೆಯಾಗಿ ಕೇಳಿಸಿತು. ಅವನು ತಲೆ ಕೆರೆದುಕೊಳ್ಳುತ್ತ, ಆನವಟ್ಟಿಯಾಚೆ ಕುರಿ ಸಾಕುವವರ ಒಂದು ಹಳ್ಳಿಯ ಮಾತೆತ್ತಿದ. ದ್ಯಾಮಮ್ಮ ಎಂಬ ಮುದುಕಿಯ ಮನೆದೇವರಿಗೆ ಬೆಳ್ಳಿಯ ಕಣ್ಣು ಕೂರಿಸಲು ಹೋದಾಗ, ದೇವರ ಜಗಲಿಯ ಮೇಲೆ ಇಂಥದೇ ಎರಡು ಬಟ್ಟಲಿನ ಪಟ್ಟಿ ಕಂಡಿದ್ದನಂತೆ. ದಂಡಿನಿಂದ ಬಂದ ಮಗ ತಂದದ್ದಂತೆ.

ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಜಗದಾಂಬನೂ ಹೊರಟೆವು. ಆನವಟ್ಟಿಯಲ್ಲಿ ಇಳಿದು ಗದ್ದೆಬದುವಿನ ಮೇಲೆ ನಡೆದೆವು. ದ್ಯಾಮಮ್ಮ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಸೊಸೆ ವರದಮ್ಮ ಮಜ್ಜಿಗೆ ಕೊಟ್ಟಳು. ಲಿಂಗ ಕಟ್ಟಿದವಳು ಇಲ್ಲಿ ಕುಡಿಯುತ್ತಾಳೋ ಇಲ್ಲವೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಜಗದಾಂಬ ಲೋಟ ಬರಿದು ಮಾಡಿ ಇನ್ನಷ್ಟು ಕೇಳಿದ್ದಳು.

ಜಗಲಿಯ ಮೇಲೆ ಅದು ಇತ್ತು. ಎರಡು ಕಿವಿಯ ಮಿಲಿಟರಿ ಹೆಡ್‌ಸೆಟ್, ಮೈತುಂಬ ವಿಭೂತಿ. ಬಂದ ಕಾರಣ ಹೇಳಿದೆವು. ವರದಮ್ಮ ಅಡ್ಡ ಬಂದಳು. “ದೇವ್ರ ಜಗಲಿ ಏರಿದ್ದು ಹೊಸ್ತಿಲು ದಾಟಂಗಿಲ್ರೀ. ಮಾರಂಗಿಲ್ಲ, ದಾನ ಕೊಡಂಗಿಲ್ಲ. ನಮ್ಮ ಮನಿ ನೇಮ ಅದು.”

ನಾನು ವಾದಕ್ಕೆ ಬಾಯಿ ತೆರೆದೆ. ಜಗದಾಂಬ ಕಣ್ಣಲ್ಲೇ ಸುಮ್ಮನಿರಿಸಿದಳು. ದ್ಯಾಮಮ್ಮ ಅವಳ ಮೋಟುಗೈಯನ್ನೇ ನೋಡುತ್ತಿದ್ದಳು.

“ನಿನ್ನ ಕೈ ಯುದ್ಧದಾಗ ಹೋತೇನವ್ವ?”

“ಇಲ್ಲವ್ವ, ಗಾಣದಾಗ.”

“ಮತ್ತ ಇದು ನಿನಗ್ಯಾಕೆ? ಇದು ಕೊಲ್ಲೋ ಸಾಮಾನು.”

ಮುದುಕಿ ಉಣ್ಣೆ ಕೆಳಗಿಟ್ಟಳು. “ನನ್ನ ದೊಡ್ಡ ಮಗ ಚಿಕ್ಕಬೀರ ದಂಡಿಗೆ ಹೋಗಿದ್ದ. ಬಂದ ಮ್ಯಾಲೆ ಬಾಯಿ ಬಿಡ್ಲಿಲ್ಲ. ಇದನ್ನ ತಲೀಗೆ ಹಾಕ್ಕೊಂಡು ಯುದ್ಧ ಮಾಡಿದೆ ಅವ್ವ ಅಂದ, ಅಷ್ಟೇ. ಅದೇ ವರ್ಷ ಜ್ವರ ಬಂದು ಹೋದ. ಯುದ್ಧ ಅಂದ್ರೆ ಕೊಲ್ಲೋದಲ್ಲೇನು? ಯಾರ್ಯಾರ ಮಕ್ಳನ್ನ ಕೊಂದು ಬಂದಿದ್ನೋ. ಅವ್ನ ಪಾಪ ಇಳೀಲಿ ಅಂತ ಸೋಮವಾರ ಸೋಮವಾರ ಉಪಾಸ ಇರ್ತೀನಿ, ಇದಕ್ಕೆ ಬೂದಿ ಹಚ್ತೀನಿ.”

ಹನ್ನೆರಡು ವರ್ಷದಿಂದ ಈ ತಾಯಿ, ಮುಖವನ್ನೇ ನೋಡದ ಯಾರದೋ ಮಕ್ಕಳಿಗಾಗಿ ಹಸಿದುಕೊಂಡಿದ್ದಳು. ಎಂಥಾ ಹೆಂಗಸು! ಅವಳ ಮುಂದೆ ಕೂರಲು ನನಗೆ ಯೋಗ್ಯತೆ ಇದೆಯೇ ಅನಿಸಿತು.

ಜಗದಾಂಬ ಹತ್ತಿರ ಸರಿದು ಕೂತಳು. “ಇದು ಕೊಲ್ಲೋದಲ್ಲವ್ವ. ಇಂಥದ್ದನ್ನೇ ನಾನು ದಿನಾ ಹಾಕ್ಕೋತೀನಿ. ದೂರದಾಗ ಒಬ್ರು ಕರೀತಾರ, ಯಾರು ಬೇಕ್ರೀ ಅಂತ ಕೇಳ್ತೀನಿ. ಅವ್ರನ್ನ ಇವ್ರಿಗೆ ಜೋಡಿಸ್ತೀನಿ. ಅಷ್ಟೇ. ಗಾಯ ಆದೋರಿಗೆ ಡಾಕ್ಟರ್ ಬೇಕು ಅಂದ್ರ ಇದರಾಗೇ ಕೂಗಬೇಕು. ದಂಡಿನ್ಯಾಗ ಬ್ಯಾರೆ ಏನಾತೋ ನನಗ ಗೊತ್ತಿಲ್ಲ. ಇದನ್ನ ಹಾಕ್ಕೊಂಡಾಗ ನಿಮ್ಮ ಮಗ ಮಾಡಿದ್ದು ಈ ಕೆಲಸ.”

ಮುದುಕಿ ನಂಬಲಿಲ್ಲ. ಜಗಲಿಯಿಂದ ತಾನೇ ಇಳಿಸಿಕೊಟ್ಟಳು, ತೋರಿಸಿ ಎಂದಳು. ನಾನು ಒಂದು ಬಟ್ಟಲು ಬಿಚ್ಚಿದೆ. ತಗಡು ಕಪ್ಪಗೆ, ನುಣ್ಣಗೆ, ಒಂದು ಚುಕ್ಕೆ ತುಕ್ಕಿಲ್ಲದೆ ಇತ್ತು. ಅದನ್ನು ಚೀಲದಲ್ಲಿ ತಂದಿದ್ದ ನಮ್ಮ ಬಟ್ಟಲಿನೊಳಗೆ ಇಟ್ಟೆ. ಅಯಸ್ಕಾಂತ ಚಕ್ಕನೆ ಹಿಡಿಯಿತು. ಅಂಚು ಅಂಚಿಗೆ ಕೂತಿತು. ಮುಚ್ಚಳ ತಿರುಗಿಸಿ ದ್ಯಾಮಮ್ಮನ ಕಿವಿಗೆ ಹಿಡಿದು, ಅದರ ತಂತಿಗಳಿಗೆ ಬ್ಯಾಟರಿಯ ಸೆಲ್ಲು ತಾಗಿಸಿದೆ.

“ಟಕ್ ಅಂತು!” ಎಂದಳು. ಮತ್ತೆ ತಾಗಿಸಿದೆ. ಅವಳ ಕಣ್ಣು ತುಂಬಿ ಬಂತು. “ಹಂಗಾರೆ ನನ್ನ ಮಗ ಕರೆಯೋರನ್ನ ಜೋಡಿಸ್ತಿದ್ನಾ?”

“ಹೌದವ್ವ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯನ್ನು ಕೂಗಿದಳು. “ವರದಮ್ಮ, ಅಕ್ಕಿ ತಾ, ಕಾಯಿ ತಾ. ದೇವ್ರ ಜಗಲಿದು ಯಾರಿಗೂ ಕೊಡಂಗಿಲ್ಲ, ಖರೆ. ಮನಿ ಮಗಳ ಉಡಿಯಾಗ ಹೋದ್ರೆ ಅದು ಕೊಟ್ಟಂಗಲ್ಲ. ಇವಳಿಗೆ ಉಡಿ ತುಂಬು.”

ಜಗದಾಂಬನ ಮುಖದಿಂದ ಬಣ್ಣ ಇಳಿಯಿತು. ಮದುವೆಯಿಲ್ಲದವಳು, ಅಂಗ ಊನವಾದವಳು ಎಂದು ಅದುವರೆಗೆ ಯಾವ ಮನೆಯಲ್ಲೂ ಯಾರೂ ಅವಳ ಉಡಿ ತುಂಬಿರಲಿಲ್ಲ. ಸೆರಗನ್ನು ಒಡ್ಡುವುದಕ್ಕೆ ಎರಡು ಕೈ ಬೇಕು. ಅವಳು ಬಲಗೈಯಲ್ಲಿ ಒಂದು ಅಂಚು ಹಿಡಿದಳು. ಇನ್ನೊಂದು ಅಂಚು ಮೋಟುಗೈಯಿಂದ ಜಾರಿತು. ದ್ಯಾಮಮ್ಮ ಮೊಣಕಾಲೂರಿ ಎದ್ದು ಆ ಅಂಚನ್ನು ತಾನು ಹಿಡಿದುಕೊಂಡಳು. ವರದಮ್ಮ ಅಕ್ಕಿ ಸುರಿದು, ಕಾಯಿಯಿಟ್ಟು, ಅದರ ಮೇಲೆ ತಗಡು ಕೂರಿಸಿದ್ದ ನಮ್ಮ ಬಟ್ಟಲು ಇಟ್ಟಳು. ಇನ್ನೊಂದು ಕಿವಿ ಜಗಲಿಗೇ ವಾಪಸು ಹೋಯಿತು.

“ಒಂದು ನಿಂಗೆ, ಒಂದು ನಂಗೆ” ಎಂದಳು ಮುದುಕಿ.

ಜಗದಾಂಬ ಬಿಕ್ಕಿ ಬಿಕ್ಕಿ ಅತ್ತಳು. ನಾನು ಹೊರಗೆ ಬಂದು ಕುರಿಗಳನ್ನು ನೋಡುತ್ತ ನಿಂತೆ. ಕಂಬ ಹತ್ತಿ ನೂರು ಊರು ಕಂಡಿದ್ದೇನೆ. ಆ ಅಂಗಳದಲ್ಲಿ ಕಂಡದ್ದನ್ನು ಎಲ್ಲಿಯೂ ಕಂಡಿಲ್ಲ.

ಸೋಮವಾರ ಇನ್‌ಸ್ಪೆಕ್ಟರ್ ಬಂದರು. ಜೊತೆಗೆ ಹೊಸ ಆಪರೇಟರ್ ಒಬ್ಬ ಟ್ರಂಕು ಹಿಡಿದು ಬಂದಿದ್ದ. ಮೆಣಸಿನಕಾಯಿ ಸಂತೆ ಬೇರೆ. ಮುಚ್ಚಳಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಜಗದಾಂಬ ತಲೆಗೆ ಪಟ್ಟಿ ಏರಿಸಿಕೊಂಡು ಕೂತಿದ್ದಳು. ಆ ಒಂದು ಕೈ ಬೋರ್ಡಿನ ಮೇಲೆ ಓಡಾಡುವುದನ್ನು ನೋಡುತ್ತ ಹೊಸಬ ಟ್ರಂಕನ್ನು ನಿಧಾನವಾಗಿ ಕೆಳಗಿಟ್ಟ. ಇನ್‌ಸ್ಪೆಕ್ಟರ್ ಶಿಕಾರಿಪುರದಿಂದ ಸೊರಬಕ್ಕೆ ತಾವೇ ಒಂದು ಕರೆ ಮಾಡಿಸಿ ಪರೀಕ್ಷಿಸಿದರು. ಮಾತು ಗಾಜಿನಷ್ಟು ಸ್ವಚ್ಛವಾಗಿತ್ತು. ನಾನು ಉಸಿರು ಬಿಟ್ಟೆ.

ಆದರೆ ಅವರು ಹೆಡ್‌ಸೆಟ್ ಕೊಡಿ ಎಂದರು. ಮುಚ್ಚಳ ತಿರುಗಿಸಿ ಒಳಗಿನ ಕಪ್ಪು ತಗಡನ್ನು ಬೆಳಕಿಗೆ ಹಿಡಿದರು. ಹೊರಗಿನ ಬಿಡಿಭಾಗ ಹಾಕಬಾರದೆಂಬ ನಿಯಮ ನನಗೂ ಗೊತ್ತಿತ್ತು.

“ಇದು ನಾವು ಕಳಿಸಿದ್ದಲ್ಲ. ಯಾರದಮ್ಮ ಇದು?”

“ನಮ್ಮಣ್ಣಂದು ರೀ.”

ಬೀಜದ ಅಂಗಡಿಯ ಅಣ್ಣನನ್ನು ಅವರು ಬಲ್ಲರು. ಹುಬ್ಬೇರಿಸಿದರು. “ಅವರಿಗೂ ಟೆಲಿಫೋನಿಗೂ ಏನು ಸಂಬಂಧ?”

“ಅವನಲ್ರೀ. ದೊಡ್ಡಣ್ಣ, ಚಿಕ್ಕಬೀರಣ್ಣ. ದಂಡಿನ್ಯಾಗ ಇದೇ ಕೆಲಸ ಮಾಡ್ತಿದ್ದ. ಈಗಿಲ್ಲ.”

ಇನ್‌ಸ್ಪೆಕ್ಟರ್ ಅವಳ ಹಣೆಯ ವಿಭೂತಿಯನ್ನು ನೋಡಿದರು, ನನ್ನನ್ನು ನೋಡಿದರು. ಚಿಕ್ಕಬೀರ ಎಂಬುದು ಕುರಿ ಸಾಕುವವರ ಮನೆಯ ಹೆಸರೆಂದು ಅವರಿಗೆ ತಿಳಿಯದೆ ಇರಲಿಲ್ಲ. ತಗಡನ್ನು ತಮ್ಮ ಕರವಸ್ತ್ರದಿಂದ ಒರೆಸಿ, ಬಟ್ಟಲಿನಲ್ಲಿ ಕೂರಿಸಿ, ಮುಚ್ಚಳವನ್ನು ತಾವೇ ಬಿಗಿದು ಅವಳ ಕೈಗೆ ಕೊಟ್ಟರು. ಹೊಸಬನಿಗೆ ಟ್ರಂಕು ಎತ್ತಿಕೋ ಎಂದು ಸನ್ನೆ ಮಾಡಿದರು.

ಅಷ್ಟರಲ್ಲಿ ಸೊರಬದ ಮುಚ್ಚಳ ಬಿತ್ತು. ಜಗದಾಂಬ ಪಟ್ಟಿಯನ್ನು ತಲೆಗೆ ಏರಿಸಿ, ಹಗ್ಗ ಸಿಕ್ಕಿಸಿ, “ಯಾರು ಬೇಕ್ರೀ?” ಎಂದಳು.