ಮೊಂಡಾಗಬೇಕಿದ್ದ ಕತ್ತಿ

ಕುರ್ಚಿಗಳಿಗೆ ಬೆತ್ತ ಹೆಣೆಯುವ ಬೆತ್ತದಕ್ಕನ ಕೈಯಲ್ಲಿ ಆ ಬೆಳಿಗ್ಗೆ ಇನ್ನೊಂದು ಬೆತ್ತ ಕೆಟ್ಟಿತು. ತುದಿಗೆ ಕತ್ತಿಯ ಬಾಯಿಟ್ಟು, ಕತ್ತಿಯ ಬೆನ್ನಿಗೆ ಕೊಡತಿಯಿಂದ ಮೆಲ್ಲಗೆ ತಟ್ಟಿ, ಸೀಳು ಬಿಟ್ಟ ಮೇಲೆ ಬೆತ್ತವನ್ನು ಮುಂದಕ್ಕೆ ತಳ್ಳಿದ್ದಳು. ಒಂದು ಗೇಣು ನೆಟ್ಟಗೆ ಹೋದ ಸೀಳು ಆಮೇಲೆ ಎಡಕ್ಕೆ ವಾಲಿ, ಸಣ್ಣದಾಗುತ್ತ ಹೋಗಿ, ಪಟ್ಟೆಂದು ತುಂಡಾಯಿತು.

"ಥೂ! ಮತ್ತೆ ಮಸೆದಿಟ್ಟಿದ್ದಾರೆ," ಎಂದು ತುಂಡನ್ನು ಮೂಲೆಗೆ ಎಸೆದಳು.

ಬೆತ್ತ ಸೀಳುವ ಕತ್ತಿ ಬಹಳ ಹರಿತವಾಗಿರಬಾರದು. ಹರಿತವಾದ ಬಾಯಿ ನಾರಿನ ಮಾತು ಕೇಳುವುದಿಲ್ಲ. ತೋಚಿದ ಕಡೆ ಕೊಯ್ದುಕೊಂಡು ಹೋಗುತ್ತದೆ. ತುಸು ಮೊಂಡಾದ ಬಾಯಿಯಾದರೆ ನಾರಿನ ನಡುವೆ ದಾರಿ ಬಿಡಿಸಿಕೊಂಡು ಕೊನೆಯವರೆಗೆ ನಡೆಯುತ್ತದೆ. ಇದನ್ನು ಅವಳು ತನ್ನ ತಾಯಿಯ ಪಕ್ಕದಲ್ಲಿ ಕೂತು ಕಲಿತಿದ್ದಳು. ಆದರೆ ಗಂಡನ ಮನೆಯಲ್ಲಿ ಕತ್ತಿ ಮೊಂಡಾಗಿರಲಿ ಎನ್ನುವುದು ಹೆಚ್ಚುಕಡಿಮೆ ಬೈಗುಳಕ್ಕೆ ಸಮ.

ಅದು ಸಾಮಾನ್ಯ ಕತ್ತಿಯೂ ಅಲ್ಲ. ಮಾವನ ತಂದೆ ಸೈನ್ಯದಲ್ಲಿದ್ದಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಾಳಗದ ಕತ್ತಿ. ಮೊಣಕೈಯುದ್ದದ ಅಲಗು ನಡುವಿನಲ್ಲಿ ಒಳಮುಖವಾಗಿ ಬಾಗಿ, ತುದಿಯ ಕಡೆ ಅಗಲವಾಗಿ, ಎತ್ತಿದರೆ ತಾನೇ ಮುಂದಕ್ಕೆ ಬೀಳುವಷ್ಟು ಭಾರವಾಗಿತ್ತು. ಯುದ್ಧದಲ್ಲಿ ಅದು ಏನು ಮಾಡಿತ್ತೋ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಊರಿಗೆ ಬಂದ ಮೇಲಂತೂ ಕುಂಬಳಕಾಯಿಗಿಂತ ದೊಡ್ಡ ತಲೆಯನ್ನು ಅದು ಉರುಳಿಸಲಿಲ್ಲ. ಬೀದಿಯವರೆಲ್ಲ ಅದನ್ನು ಡೊಂಕ ಎಂದು ಕರೆಯುತ್ತಿದ್ದರು, ಮನೆಯ ಮಗನನ್ನು ಕರೆದ ಹಾಗೆ.

ಡೊಂಕನಿಗೆ ಬಿಡುವೇ ಇರಲಿಲ್ಲ. ಪಕ್ಕದ ಮನೆಯ ಪೇಂಟರಣ್ಣನಿಗೆ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಅದೇ ಬೇಕು. ಮೇಲಿನ ಮನೆಯ ದರ್ಜಿಯ ಹೆಂಡತಿಗೆ ನೀರೊಲೆಯ ಸೌದೆ ಸಿಗಿಯಲು ಅದೇ ಬೇಕು. ಬಟ್ಟೆಯ ಗಂಟಿನ ಹಗ್ಗ ಕೊಯ್ಯಲು, ಕುಂಡದ ಮಣ್ಣು ಕೆದಕಲು, ಅದರ ಬೆನ್ನಿನಿಂದ ಗೋಡೆಗೆ ಮೊಳೆ ಹೊಡೆಯಲು, ಒಮ್ಮೆ ಬಚ್ಚಲಲ್ಲಿ ಚಿಲಕ ಬಿದ್ದು ಸಿಕ್ಕಿಕೊಂಡಿದ್ದ ದರ್ಜಿಯನ್ನೇ ಬಿಡಿಸಲು ಕೂಡ ಡೊಂಕನೇ ಹೋಗಿದ್ದ. ಇಷ್ಟಾಗಿಯೂ ಬೆತ್ತದಕ್ಕನಿಗೆ ಎರವಲು ಕೊಡುವುದರ ಬಗ್ಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಅವರ ಒಳ್ಳೆಯತನದ ಬಗ್ಗೆ.

ಸೈನ್ಯದಲ್ಲಿದ್ದ ಆ ಹಿರಿಯರು, ಮಾವನ ತಂದೆ, ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದರು: ಕತ್ತಿ ಒಯ್ದವರು ಮಸೆಯದೆ ಹಿಂದಕ್ಕೆ ಕೊಡಕೂಡದು. ಬೀದಿಯವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಪೇಂಟರಣ್ಣ ಮರಳುಕಾಗದದಲ್ಲಿ ತಿಕ್ಕುತ್ತಿದ್ದ. ದರ್ಜಿಯ ಹೆಂಡತಿ ಸೈಕಲ್ಲಿನ ಸಾಣೆಯವನನ್ನು ನಿಲ್ಲಿಸಿ ಕಿಡಿ ಹಾರಿಸುತ್ತಿದ್ದಳು. ಅವರ ಮಸೆತದಲ್ಲಿ ನಂಬಿಕೆಯಿಲ್ಲದ ಮಾವ ಸಂಜೆ ಜಗಲಿಯ ಮೇಲೆ ಕೂತು, ಸಾಣೆಕಲ್ಲಿಗೆ ನೀರು ಚಿಮುಕಿಸಿ, ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಮಾಡುತ್ತಿದ್ದರು.

ಆ ವಾರ ಪೇಂಟರಣ್ಣ ಬಂದಾಗ ಅವಳು ತಡೆಯಲಾರದೆ ಹೇಳಿಯೇಬಿಟ್ಟಳು.

"ಅಣ್ಣಾ, ತಗೊಂಡು ಹೋಗಿ, ಬೇಡ ಅನ್ನಲ್ಲ. ಆದ್ರೆ ದಮ್ಮಯ್ಯ, ಮಸೀಬೇಡಿ."

"ಮಸೀದೇ ಕೊಡೋದಾ? ಏನಕ್ಕಾ ನೀವು! ತಾತ ನನ್ನ ಮುಖ ನೋಡ್ತಾರಾ ಆಮೇಲೆ?"

"ನಾನೇ ಹೇಳ್ತಿದ್ದೀನಲ್ಲ?"

"ನೀವು ಉಪಚಾರಕ್ಕೆ ಹೇಳ್ತೀರ. ನನಗೆ ಗೊತ್ತಾಗಲ್ವಾ?" ಎಂದು ನಕ್ಕು ಹೋದವನು ಸಂಜೆ ಕತ್ತಿಯನ್ನು ಫಳಫಳ ಹೊಳೆಸಿಕೊಂಡು ತಂದ. ಅವಳು ಬೇಸರಗೊಂಡಿದ್ದಾಳೆಂದು ಭಾವಿಸಿ ಎರಡೂ ಪಕ್ಕ ಮಸೆದಿದ್ದ.

ಗಂಡ ಬಸ್ಸಿನ ಕಂಡಕ್ಟರು. ದಿನವಿಡೀ ಜನರ ತಕರಾರು ಕೇಳಿ ಮನೆಗೆ ಬರುವಾಗ ಕಿವಿಗಳನ್ನು ಬಸ್ಸಿನಲ್ಲೇ ಬಿಟ್ಟು ಬರುತ್ತಿದ್ದ.

"ನಿಮ್ಮಪ್ಪನಿಗೆ ನೀವೇ ಒಂದು ಮಾತು ಹೇಳಿ, ರೀ."

"ಅಯ್ಯೋ, ನಾನು ಹೇಳಿದ್ರೆ ಜಗಳ ಆಗುತ್ತೆ. ನೀನು ಹೇಳು, ನಿನ್ನ ಮಾತು ಕೇಳ್ತಾರೆ."

ಅವಳು ಹೇಳಿದ್ದಳು. "ಮಾವಾ, ಕತ್ತಿ ಬಾಯಿ ಸರಿಯಿಲ್ಲ, ಬೆತ್ತ ಎಲ್ಲೆಲ್ಲೋ ಹೋಗುತ್ತೆ," ಎಂದಿದ್ದಳು. ಮಾವನಿಗೆ ಕತ್ತಿಯ ಬಾಯಿ ಸರಿಯಿಲ್ಲವೆಂದರೆ ಒಂದೇ ಅರ್ಥ. ಅಂದಿನಿಂದ ಬೆಳಗಿನ ಹೊತ್ತೂ ಒಂದು ಸುತ್ತು ಮಸೆಯತೊಡಗಿದರು. ಮಂಡಿ ನೋವಿನ ಆ ಮುದುಕರಿಗೆ ಮನೆಯಲ್ಲಿ ಉಳಿದಿದ್ದ ಕೆಲಸ ಅದೊಂದೇ. ಸೊಸೆಗೆ ತನ್ನಿಂದ ಅಷ್ಟಾದರೂ ಆಗಲಿ ಎಂದು ಅವರು ಬೆವರು ಸುರಿಸಿ ಮಸೆಯುವುದನ್ನು ನೋಡಿದರೆ ಅವಳ ಬಾಯಿಗೆ ಬಂದ ಮಾತು ಗಂಟಲಿಗೆ ಇಳಿದುಬಿಡುತ್ತಿತ್ತು. ಸಿಟ್ಟು ಮಾತ್ರ ಇಳಿಯುತ್ತಿರಲಿಲ್ಲ.

ಹಾಗಾಗಿ ಅವಳು ಹಿತ್ತಲಿನ ದಾರಿ ಹಿಡಿದಿದ್ದಳು. ಮಾವ ಸ್ನಾನಕ್ಕೆ ಹೋದೊಡನೆ ಕತ್ತಿಯನ್ನು ಹಿತ್ತಲಿಗೊಯ್ದು, ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಬಾಯಿಯನ್ನು ಉಜ್ಜಿ ಉಜ್ಜಿ ಮೊಂಡು ಮಾಡುತ್ತಿದ್ದಳು. ಕಳ್ಳತನ ಮಾಡುವವಳಂತೆ ಬಚ್ಚಲ ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಿದ್ದಳು. ಬೆಳಿಗ್ಗೆ ಸೊಸೆ ಮೊಂಡು ಮಾಡಿದ್ದನ್ನು ಸಂಜೆ ಮಾವ ಹರಿತ ಮಾಡುವುದು, ಮರುದಿನ ಮತ್ತೆ ಅವಳು ಉಜ್ಜುವುದು, ಹೀಗೆಯೇ ವರ್ಷಗಳು ನಡೆದಿದ್ದವು.

ಈಗ ಮೂಳೆ ಡಾಕ್ಟರರ ಕ್ಲಿನಿಕ್ಕಿನ ಹನ್ನೆರಡು ಕುರ್ಚಿಗಳು ಮನೆಯ ಪಡಸಾಲೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ರೋಗಿಗಳು ಕಾಯುವ ಕುರ್ಚಿಗಳು. ಹಳೆಯ ಬೆತ್ತ ಹರಿದು, ಕೂತವರ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಕಾಂಪೌಂಡರು ಕುರ್ಚಿಗಳನ್ನು ಇಳಿಸುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದ: "ಶನಿವಾರಕ್ಕೆ ಬಂದ್ರೆ ಸರಿ. ಇಲ್ಲಾಂದ್ರೆ ಡಾಕ್ಟ್ರು ಪ್ಲಾಸ್ಟಿಕ್ ಕುರ್ಚಿ ತರಿಸಿಬಿಡ್ತಾರೆ. ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಲ್ಲ." ಅವಳ ಕೈಯ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗ ಅದೊಂದೇ. ಅಲ್ಲಿಗೆ ಪ್ಲಾಸ್ಟಿಕ್ ಬಂದರೆ ಊರಿನ ಉಳಿದ ಕುರ್ಚಿಗಳೂ ಅದರ ಬೆನ್ನು ಹಿಡಿಯುತ್ತವೆಂದು ಅವಳಿಗೆ ಗೊತ್ತಿತ್ತು.

ಹಿತ್ತಲಿಗೆ ಹೋಗಿ ಉಜ್ಜಿಕೊಂಡು ಬಂದು ಇನ್ನೊಂದು ಬೆತ್ತಕ್ಕೆ ಕೈ ಹಾಕಿದಳು. ಈ ಸಲ ಸೀಳು ವಾಲಲಿಲ್ಲ; ಬೆತ್ತವೇ ಕತ್ತಿಯ ಬಾಗಿನಿಂದ ಜಾರಿ ಹೊರಗೆ ಹಾರಿತು, ಹೆಬ್ಬೆರಳನ್ನು ಕೆರೆದುಕೊಂಡು. ಹಿಂದೆಲ್ಲ ಆ ಬಾಗು ಬೆತ್ತವನ್ನು ತೊಡೆಯ ಮೇಲಿನ ಮಗುವಿನಂತೆ ಹಿಡಿದುಕೊಳ್ಳುತ್ತಿತ್ತು. ಮತ್ತೊಮ್ಮೆ ಇಟ್ಟಳು, ಮತ್ತೆ ಜಾರಿತು. ಕತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಡೊಂಕನ ಡೊಂಕು ಅರ್ಧಕ್ಕರ್ಧ ಹೋಗಿತ್ತು.

ಕಮ್ಮಾರನ ಬಳಿ ಹೋಗುವೆನೆಂದಾಗ ಮಾವ ತಾವೂ ಬರುವೆನೆಂದು ಕೋಲು ಹಿಡಿದು ಹೊರಟರು. ಬೇಡವೆನ್ನಲು ಬಾಯಿ ಬರಲಿಲ್ಲ.

ಕಮ್ಮಾರ ಕತ್ತಿಯನ್ನು ಮಾವ ತಂದಿದ್ದ ಅದರ ಹಳೆಯ ಒರೆಯೊಳಗೆ ಹಾಕಿ ಅಲ್ಲಾಡಿಸಿದ. ಖಾಲಿ ಡಬ್ಬಿಯಲ್ಲಿ ಚಮಚ ಹಾಕಿದಂತೆ ಲೊಡಲೊಡ ಸದ್ದಾಯಿತು. "ನೋಡಿ, ಹಳೇ ಆಕಾರ ಒರೆಗೆ ನೆನಪಿದೆ, ಕತ್ತಿಗೆ ಮರೆತುಹೋಗಿದೆ," ಎಂದ. ಆಮೇಲೆ ಅಲಗಿನ ಅಂಚಿನ ಮೇಲೆ ಉಗುರಾಡಿಸಿ ಹುಬ್ಬು ಗಂಟಿಕ್ಕಿದ. "ತಾತಾ, ಬರೀ ಮಸೆದು ಇಷ್ಟು ಸವೆಯಲ್ಲ ಇದು. ಮಸೆದಿರೋದರ ಕೆಳಗೆ ಒರಟು ಗೀರು ಇದೆ. ಯಾರೋ ಮಸೀತಾರೆ, ಯಾರೋ ಕಲ್ಲಿಗೆ ಉಜ್ಜಿ ಹಾಳು ಮಾಡ್ತಾರೆ. ಇಬ್ಬರೂ ಸೇರಿ ಇದನ್ನ ತಿಂದಿದ್ದಾರೆ."

ಮಾವನ ಮುಖ ಕೆಂಪೇರಿತು. "ಆ ಪೇಂಟರೇ ಇರಬೇಕು! ಕಲ್ಲಿಗೆ ಉಜ್ಜೋದಾ? ಇವತ್ತು ಅವನ ಮನೆ ಬಾಗಿಲಿಗೇ ಹೋಗಿ..."

"ನಾನು, ಮಾವಾ," ಎಂದಳು ಬೆತ್ತದಕ್ಕ.

ಕಮ್ಮಾರ ಕತ್ತಿಯಿಂದ ತಲೆಯೆತ್ತಿ ನೋಡಿದ.

"ನೀನಾ? ಯಾಕಮ್ಮಾ?"

"ಹರಿತ ಇದ್ರೆ ಬೆತ್ತ ಸೀಳಲಿಕ್ಕೆ ಆಗಲ್ಲ ಮಾವಾ. ಸಾವಿರ ಸಲ ಹೇಳಬೇಕು ಅಂದ್ಕೊಂಡೆ. ಹೇಳಿದಾಗ ನೀವು ಇನ್ನೂ ಜಾಸ್ತಿ ಮಸೆದಿರಿ."

"ಹಾಗಾದ್ರೆ ನಾನು ದಿನಾ ಮಸೀತಿದ್ದದ್ದು?"

"ದಿನಾ ಉಜ್ಜಿ ತೆಗೀತಿದ್ದೆ."

ಮುದುಕರು ಕಮ್ಮಾರನ ಕೈಯಿಂದ ಕತ್ತಿ ತೆಗೆದುಕೊಂಡು ಆ ಗೀರುಗಳ ಮೇಲೆ ಬೆರಳಾಡಿಸಿದರು. ಕಮ್ಮಾರನೇ ಮಾತು ಮುಂದುವರಿಸಿದ. ಒಂದು ದಾರಿಯಿದೆ: ಒಳಗಿನ ಬಾಗನ್ನು ಇನ್ನೂ ಆಳವಾಗಿ ಕೊರೆಯಬೇಕು. ಆಗ ಬೆತ್ತ ನಿಲ್ಲುತ್ತದೆ. ಆದರೆ ಅಲಗು ಕಿರಿದಾಗಿ, ಭಾರ ಕಳೆದುಕೊಳ್ಳುತ್ತದೆ. ಸೌದೆ ಸಿಗಿಯಲಾಗದು, ಡಬ್ಬಿ ತೆರೆಯಲಾಗದು. "ಕಾಳಗದ ಕತ್ತಿ ಅಂತ ಗೋಡೆಗೆ ನೇತುಹಾಕಿದ್ರೂ ನಂಬೋರಿಲ್ಲ ಆಮೇಲೆ."

"ಯೋಚನೆ ಮಾಡ್ತೀನಿ," ಎಂದು ಮಾವ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ಮಾವಾ, ಶನಿವಾರಕ್ಕೆ ಕುರ್ಚಿ ಕೊಡಬೇಕು..."

"ಯೋಚನೆ ಮಾಡ್ತೀನಿ ಅಂದೆನಲ್ಲ?"

ಎರಡು ದಿನ ಅವರು ಯೋಚಿಸಿದರು. ಕತ್ತಿ ಅವರ ತೊಡೆಯ ಮೇಲಿತ್ತು; ಮಸೆಯಲೂ ಇಲ್ಲ, ಕೊಡಲೂ ಇಲ್ಲ. ಎರವಲು ಕೇಳಿ ಬಂದವರಿಗೆ "ಅದಕ್ಕೆ ಹುಷಾರಿಲ್ಲ" ಎಂದರು. ದರ್ಜಿಯ ಹೆಂಡತಿ ಒಳಗೆ ಬಂದು, "ಏನಕ್ಕಾ, ತಾತನಿಗೆ ಹುಷಾರಿಲ್ವೋ ಕತ್ತಿಗೋ?" ಎಂದು ಪಿಸುಗುಟ್ಟಿದಳು. ಬೆತ್ತದಕ್ಕ ಅಡುಗೆಮನೆಯ ಚಾಕು, ಗಂಡನ ಹಳೆಯ ಮಚ್ಚು, ಏನೇನೋ ಹಿಡಿದು ಪ್ರಯತ್ನಿಸಿದಳು. ಮೂಲೆಯಲ್ಲಿ ಕೆಟ್ಟ ಬೆತ್ತದ ರಾಶಿ ಬೆಳೆಯಿತು. ಮಾವನ ತಟ್ಟೆಗೆ ಅನ್ನ ಬಡಿಸುವಾಗ ಸೌಟು ಬೇಕಾದದ್ದಕ್ಕಿಂತ ಜೋರಾಗಿಯೇ ಸದ್ದು ಮಾಡಿತು.

ಗುರುವಾರ ಸಂಜೆ ಅವರು ಯಾರಿಗೂ ಹೇಳದೆ ಕುಲುಮೆಗೆ ಹೋಗಿ ಬಂದರು. ಕತ್ತಿಯನ್ನು ಅವಳ ಮುಂದಿಟ್ಟು, "ನೋಡು, ಕೈಗೆ ಬರುತ್ತಾ?" ಎಂದರು. ಅಲಗು ಬಡವಾಗಿತ್ತು. ಬಾಗು ಮಾತ್ರ ಕುಡುಗೋಲಿನಂತೆ ಆಳವಾಗಿತ್ತು. ಅವಳು ಬೆತ್ತವಿಟ್ಟು ತಟ್ಟಿ ತಳ್ಳಿದಳು. ಸರ್ರನೆ ಆ ತುದಿಯಿಂದ ಈ ತುದಿಯವರೆಗೆ ಎರಡು ಸಮನಾದ ಸೀಳುಗಳಾಗಿ ಬಿಚ್ಚಿಕೊಂಡಿತು.

ಮಾವ ಕತ್ತಿಯ ಬಾಯಿಯ ಮೇಲೆ ಹೆಬ್ಬೆರಳಾಡಿಸಿ, "ಇಷ್ಟು ಮೊಂಡಾಗಿ! ಒಂದೇ ಒಂದು ಸಲ ಕಲ್ಲಿಗೆ..." ಎಂದರು.

"ಮಾವಾ!"

"ಆಯ್ತಮ್ಮಾ, ಆಯ್ತು. ಮಾತಿಗೆ ಹೇಳಿದೆ."

ಆ ರಾತ್ರಿಯಿಂದ ಶುಕ್ರವಾರವೆಲ್ಲ ಊಟ ನಿದ್ದೆ ಮರೆತು ಹೆಣೆದರೂ, ಮೊದಲೇ ಮುಗಿದಿದ್ದ ನಾಲ್ಕೈದೂ ಸೇರಿ ಎಂಟೇ ಕುರ್ಚಿಗಳಾದವು. ಶನಿವಾರ ಗಂಡನೂ ಮಾವನೂ ಅವಳ ಜೊತೆಗೂಡಿ ಅವನ್ನು ಕೈಗಾಡಿಯಲ್ಲಿ ಕ್ಲಿನಿಕ್ಕಿಗೆ ಸಾಗಿಸಿದರು. ಅಲ್ಲಿ ಕಿಟಕಿಯ ಪಕ್ಕದಲ್ಲಿ ಆಗಲೇ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು ಹಲ್ಲು ಕಿರಿಯುತ್ತ ಕೂತಿದ್ದವು.

"ನಾನು ಮೊದಲೇ ಹೇಳಿದ್ದೆ," ಎಂದ ಕಾಂಪೌಂಡರು. "ನಾಲ್ಕು ತರಿಸಿದ್ದಾಯ್ತು. ಇನ್ನು ನಿಮ್ಮ ಹತ್ರ ಉಳಿದಿರೋ ನಾಲ್ಕನ್ನ ಎಲ್ಲಿ ಇಡೋದು?"

ಬೆತ್ತದಕ್ಕ ಮಾವನ ಕಡೆ ತಿರುಗಿ ನೋಡಿದಳು. ಆ ಎರಡು ದಿನಗಳ ಲೆಕ್ಕವೆಲ್ಲ ಆ ನೋಟದಲ್ಲಿತ್ತು. ಮಾವ ಅವಳ ಕಣ್ಣು ತಪ್ಪಿಸಿ, ಕೋಲೂರಿಕೊಂಡು ಹೋಗಿ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕಾಯುತ್ತಿದ್ದ ರೋಗಿಗಳೆಲ್ಲರಿಗೂ ಕೇಳುವ ಹಾಗೆ ನರಳಿದರು.

"ಅಯ್ಯಪ್ಪಾ, ನನ್ನ ಸೊಂಟ! ಒಳಗೆ ಹೋಗೋ ಮೊದಲೇ ಇಲ್ಲೇ ಮೂಳೆ ಮುರಿಯುತ್ತಲ್ರೀ! ಬೆನ್ನು ಬೇರೆ ಬೆವರುತ್ತೆ. ಏನಮ್ಮಾ, ನಿಮಗೂ ಹಾಗೇ ಆಗ್ತಿದೆಯಾ?"

ಪಕ್ಕದಲ್ಲಿ ಕೂತಿದ್ದ ಹೆಂಗಸು ಅದುವರೆಗೆ ಹಾಯಾಗಿಯೇ ಇದ್ದವಳು ಕೂತಲ್ಲೇ ಸ್ವಲ್ಪ ಹೊರಳಿ, "ಹೌದು ನೋಡಿ," ಎಂದಳು. ಅವಳಾಚೆಯವನೂ ಎದ್ದು ಬೆತ್ತದ ಕುರ್ಚಿಗೆ ಬದಲಾಯಿಸಿಕೊಂಡ. ಮಾವನ ನರಳಾಟ ಏರುತ್ತಲೇ ಹೋಯಿತು.

"ತಾತಾ, ಮೆಲ್ಲಗೆ! ಡಾಕ್ಟ್ರು ಒಳಗಿದ್ದಾರೆ," ಎಂದು ಕಾಂಪೌಂಡರು ಕೈಮುಗಿದ. ಆಮೇಲೆ ಬೆತ್ತದಕ್ಕನ ಕಡೆ ತಿರುಗಿ, "ಆ ನಾಲ್ಕನ್ನೂ ಸೋಮವಾರ ತಂದುಬಿಡಿ ಮಾರಾಯ್ತಿ. ಸದ್ಯ ಇವರನ್ನ ಮನೆಗೆ ಕರ್ಕೊಂಡು ಹೋಗಿ," ಎಂದ.

ದಾರಿಯುದ್ದಕ್ಕೂ ಬೆತ್ತದಕ್ಕ ಮಾವನನ್ನು ಬಿಡಲಿಲ್ಲ. ಎರಡು ದಿನ ಹಾಳು ಮಾಡಿದ್ದಕ್ಕೆ, ಕ್ಲಿನಿಕ್ಕಿನಲ್ಲಿ ಮಾನ ಕಳೆದದ್ದಕ್ಕೆ, ಇಷ್ಟು ವರ್ಷ ತನ್ನನ್ನು ಹಿತ್ತಲಿಗೆ ಓಡಿಸಿದ್ದಕ್ಕೆ, ಒಂದನ್ನೂ ಉಳಿಸದೆ ಹೇಳಿದಳು. ಗಂಡ ಖಾಲಿ ಗಾಡಿ ತಳ್ಳಿಕೊಂಡು ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಮಾವ ಕೋಲೂರುತ್ತ, ಎಲ್ಲವನ್ನೂ ಕೇಳುತ್ತ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು.