ಬಳೆಗಾರ ಮಾಮನ ಕೌದಿ ಹಸಿಬೆ

ಕೊಟ್ಟೂರಿನ ಅಂಗಡಿಯವರು ಬೈಕಿಗೆ ಹಾಕುವ ಚೀಲವೊಂದನ್ನು ಮುಂದಿಟ್ಟು ಜಿಪ್ ಎಳೆದಾಗ ಒಳಗಿನಿಂದ ರೆಕ್ಸಿನ್ನಿನ ವಾಸನೆ ಬಂತು. ಬಿಸಿಲಿಗೆ ಕಾದ ಹೊಸ ರೆಕ್ಸಿನ್, ಅದರ ಬೆನ್ನಿಗೇ ಹೊರಗೆ ನಿಂತಿದ್ದ ಗಾಡಿಗಳ ಪೆಟ್ರೋಲು. ನಾನು ಬಗ್ಗಿ ಇನ್ನೊಮ್ಮೆ ಮೂಸಿ ನೋಡಿದೆ.

"ಮೇಡಂ, ಚೀಲ ತಗೊಂತೀರೋ, ವಾಸ್ನಿ ತಗೊಂತೀರೋ?" ಅಂದರು ಅಂಗಡಿಯವರು.

"ಇದರಾಗ ಗಾಜಿನ ಸಾಮಾನಿಟ್ರ ಒಡೀತಾವೇನ್ರಿ?"

"ಗಾಜು ಅಂದಮ್ಯಾಲೆ ಒಡೀದ ಇರ್ತಾವೇನ್ರಿ? ನಮ್ಮ ರಸ್ತಾ ನೀವ ನೋಡೀರಲ್ಲ."

ಅದು ಆ ದಿನದ ಮೂರನೆಯ ಅಂಗಡಿ. ಹಡಗಲಿಯಲ್ಲಿ ನೋಡಿ, ಹಗರಿಬೊಮ್ಮನಹಳ್ಳಿಯಲ್ಲಿ ನೋಡಿ ಅಲ್ಲಿಗೆ ಬಂದಿದ್ದೆ. ನಾನು ವಿಜ್ಞಾನದ ಶಿಕ್ಷಕಿ. ವಾರದ ಅರ್ಧ ಒಂದು ಶಾಲೆ, ಉಳಿದರ್ಧ ಹೊಳೆದಂಡೆಯ ಹಳ್ಳಿಯೊಂದರ ಇನ್ನೊಂದು ಶಾಲೆ. ಎರಡೂ ಕಡೆ ಪ್ರಯೋಗ ಮಾಡಿ ತೋರಿಸಬೇಕೆಂದರೆ ಟೆಸ್ಟ್ ಟ್ಯೂಬು, ಬೀಕರುಗಳನ್ನು ನಾನೇ ಹೊತ್ತೊಯ್ಯಬೇಕು. ಆ ಹಳ್ಳಿಗೆ ಹೋಗುವ ಮಾಗಳದ ರಸ್ತೆಯಲ್ಲಿ ಸ್ಕೂಟಿಯ ಸಣ್ಣ ಗಾಲಿ ತಡೆಯುವುದಿಲ್ಲವೆಂದು ನಾನು ಓಡಿಸುವುದು ಬೈಕು. ಅದರ ಮೇಲೆ ಈವರೆಗೆ ಎಷ್ಟು ಟ್ಯೂಬು ಒಡೆದೆನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಒಂದು ಒಳ್ಳೆಯ ಚೀಲ ಬೇಕಿತ್ತು. ಸೀಟಿನ ಹಿಂದೆ ಕೂರಿಸುವ ಪ್ಲಾಸ್ಟಿಕ್ ಪೆಟ್ಟಿಗೆ ತೋರಿಸಿದರು, ಬೆರಳಿನಿಂದ ಬಡಿದೆ, ಟೊಳ್ಳು ಸದ್ದು. ಎರಡೂ ಬದಿಗೆ ಬಿಗಿಯುವ ತಗಡಿನ ಪೆಟ್ಟಿಗೆ, ಟ್ಯಾಂಕಿನ ಮೇಲೆ ಕೂರುವ ಸಣ್ಣ ಚೀಲ, ಇದೀಗ ಈ ರೆಕ್ಸಿನ್... ಯಾವುದೂ ಮನಸ್ಸಿಗೆ ಬರಲಿಲ್ಲ. ಕೊಳ್ಳಲೂ ಆಗದೆ, ಬಿಟ್ಟು ಬರಲೂ ಆಗದೆ ಅಂಗಡಿಯ ಒಳಗೂ ಹೊರಗೂ ಓಡಾಡಿದೆ. ಆ ವಾಸನೆ ನನ್ನನ್ನು ಬಿಡಲಿಲ್ಲ. ನಮ್ಮ ಓಣಿಯ ಬಳೆಗಾರ ಮಾಮನ ಗಾಡಿಯದೂ ಇದೇ ವಾಸನೆಯಾಗಿತ್ತು.

ನಾನು ಸಣ್ಣವಳಿದ್ದಾಗ ನಮ್ಮ ಮನೆ ಇದ್ದದ್ದು ಕೊಟ್ಟೂರಿನಲ್ಲಿಯೇ. ಮಾಮನ ಮನೆ ನಮ್ಮ ಗೋಡೆಗೆ ಗೋಡೆ. ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಮೊದಲು ಬಳೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದವನು, ಯಾರೋ ಮಾರಿದ ಹಳೆಯ ಮೋಟಾರ್ ಸೈಕಲ್ ಕೊಂಡು ತಂದ. ಒಂದು ಕಡೆ ಕೂರುವ ಜೀವವೇ ಅಲ್ಲ ಅದು. ಚಹಾ ಕೊಟ್ಟರೆ ನಿಂತೇ ಕುಡಿದು, ಕಪ್ಪು ಬಸಿಯನ್ನು ಕಟ್ಟೆಯ ಮೇಲಿಟ್ಟು ಕಿಕ್ ಹೊಡೆಯುತ್ತಿದ್ದ. "ಕುಂತ್ರ ಮೈಗೆ ಇರಿವಿ ಹತ್ತಿದಂಗ ಆಕ್ಕೈತಿ" ಅನ್ನುತ್ತಿದ್ದ. ಹಬ್ಬದ ದಿನ ಮನೆಯಲ್ಲಿದ್ದರೂ ಸುಮ್ಮನಿರದೆ ಗಾಡಿಯ ನಟ್ಟು ಬಿಚ್ಚಿ ಮತ್ತೆ ಬಿಗಿಯುತ್ತಿದ್ದ.

ಗಾಡಿ ಬಂತು, ಆದರೆ ಬಳೆ ಒಯ್ಯುವುದು ಯಾವುದರಲ್ಲಿ ಎಂಬುದು ಬಗೆಹರಿಯಲಿಲ್ಲ. ಹೆಗಲ ಮೇಲಿದ್ದಾಗ ನಡೆಯುವವನ ಮೈ ಬಳೆಗಳನ್ನು ಕಾಯುತ್ತಿತ್ತು, ಗಾಡಿಗೆ ಅಂಥ ಮೈ ಎಲ್ಲಿ... ಮೊದಲು ಬ್ರೆಡ್ಡು ಮಾರುವವರ ತಗಡಿನ ಪೆಟ್ಟಿಗೆ ಕಟ್ಟಿದ. ಸಂಜೆ ಮುಚ್ಚಳ ತೆಗೆದರೆ ತಳದಲ್ಲಿ ಕೆಂಪು, ಹಸಿರು ಚೂರಿನ ರಾಶಿ. ಅವನು ಅದನ್ನು ಗಟಾರದ ಪಕ್ಕ ಸುರಿಯುತ್ತಿದ್ದ, ನಾವು ಮಕ್ಕಳು ಓಡಿ ಹೋಗಿ ಆರಿಸುತ್ತಿದ್ದೆವು. ಚೂರುಗಳನ್ನು ಚಿಮಣಿ ದೀಪದ ಉರಿಗೆ ಹಿಡಿದು ಬಗ್ಗಿಸಿ ಒಂದಕ್ಕೊಂದು ಕೊಂಡಿ ಹಾಕಿದರೆ ಸರ ಆಗುತ್ತಿತ್ತು. ಮಾಮನ ನಷ್ಟ ನಮ್ಮ ಕೊರಳಿನಲ್ಲಿ ಮೆರೆಯುತ್ತಿತ್ತು. "ಹಾಕ್ಕೊಳ್ರಿ, ಹಾಕ್ಕೊಳ್ರಿ. ಊರಾಗ ಯಾಪಾರ ಇಲ್ಲ, ಓಣ್ಯಾಗ ಜೋರೈತಿ" ಎಂದು ತಾನೇ ನಗುತ್ತಿದ್ದ.

ತಗಡಿನ ಪೆಟ್ಟಿಗೆ ಬಿಟ್ಟು ಬುಟ್ಟಿ, ಬುಟ್ಟಿಯ ನಂತರ ಹೊಸಪೇಟೆಯಿಂದ ತಂದ ರೆಕ್ಸಿನ್ ಚೀಲಗಳು. ಒಳಗೆ ಭತ್ತದ ಹುಲ್ಲು ತುರುಕಿದರೆ ಬಳೆ ತೊಡುವವರಿಗೆ ಕೈ ತುರಿಸುತ್ತದೆಂದು ದೂರು. ಹುಲ್ಲು ತೆಗೆದರೆ ಮತ್ತೆ ಚೂರು. ಪ್ರತಿ ಹೊಸ ಚೀಲಕ್ಕೂ ಮಾಮನದೊಂದು ಪರೀಕ್ಷೆ ಇತ್ತು. ಬಳೆ ತುಂಬಿ, ಓಣಿಯ ತುದಿಯ ಕಲ್ಲುಹಾಸಿನ ಮೇಲೆ ಗಾಡಿ ಕುಣಿಸಿಕೊಂಡು ಬಂದು, ಎಂಜಿನ್ ಬಂದ್ ಮಾಡಿ, ಚೀಲಕ್ಕೆ ಕಿವಿ ಹಚ್ಚಿ ಅಲುಗಿಸುವುದು. ಒಳಗೆ ಕಿಣಿಕಿಣಿ ಅಂದರೆ ಮುಖ ಇಳಿದುಹೋಗುತ್ತಿತ್ತು.

ನನ್ನ ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅವ್ವ ಕೌದಿ ಹೊಲಿಯುತ್ತಿದ್ದಳು. ಓಣಿಯ ಮನೆಗಳವರು ಹಳೆಯ ಸೀರೆ, ಧೋತರ ತಂದುಕೊಡುತ್ತಿದ್ದರು. ಅವ್ವ ಒಂದರ ಮೇಲೊಂದು ಹಾಸಿ, ತುಂಡು ಕೂಡಿಸಿ, ಸಾಲಿಗೆ ಸಾಲು ದಾರ ಎಳೆಯುತ್ತಿದ್ದಳು. ಉಳಿದ ತುಂಡು ಅವಳ ಗಂಟಿಗೆ. ಹಾಗಾಗಿ ಅವಳ ಯಾವ ಕೌದಿ ಬಿಚ್ಚಿದರೂ ನಮ್ಮ ಓಣಿಯ ಎಲ್ಲರ ಸೀರೆಗಳೂ ಅಲ್ಲಿ ಕೂಡಿರುತ್ತಿದ್ದವು. ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಹಿಡಿ ಜೋಳ ಇಟ್ಟು ಹೊಲಿಯುವಳು. ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಕೊಡಬಾರದು ಎನ್ನುವುದು ಅವಳ ನೇಮ.

ಒಂದು ದಿನ ಮಾಮ ನಮ್ಮ ಕಟ್ಟೆಯ ಮೇಲಿದ್ದ ಕೌದಿಯ ತುದಿಯಲ್ಲಿ ಒಂದಿಷ್ಟು ಬಳೆ ಸುತ್ತಿ, ಎತ್ತಿ ನೆಲಕ್ಕೆ ಬಿಟ್ಟ. ಬಿಚ್ಚಿದ. ಒಂದೂ ಒಡೆದಿರಲಿಲ್ಲ.

"ತಂಗೆವ್ವಾ, ನನ್ನ ಗಾಡಿಗೊಂದು ಕೌದಿ ಹೊಲೀಬೇ."

ಅವ್ವನ ಸೂಜಿ ನಿಂತಿತು. "ನಾ ಹೊಲಿದದ್ದರಾಗ ಬಳಿ ಒಯ್ತೀಯೇನಣ್ಣಾ? ಮಂದಿ ಏನಂದಾರು?"

"ಮಂದಿಗೆ ಬೇಕಾಗಿರೋದು ಬಳಿ. ಚೀಲ ಬೇಕಾಗಿರೋದು ನನಗ."

ಗಂಡ ಸತ್ತವಳ ಬರಿಗೈಯನ್ನು ಬಳೆಯ ಹತ್ತಿರಕ್ಕೂ ಬಿಡದ ದಿನಗಳು ಅವು. ಈಗ ಹೋಗಿವೆಯೋ ಇಲ್ಲವೋ ನನಗೆ ಗೊತ್ತಿಲ್ಲ... ಅವ್ವ ಬಹಳ ಹಿಂಜರಿದಳು. ಮಾಮ ದಿನಾ ಬಂದು ಕೇಳಿದ. ಕೊನೆಗೆ ಹೊಲಿದಳು. ಹಿಂದಿನವರು ಕುದುರೆ, ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಹಸಿಬೆಯಂತೆ ಅದು ಎರಡು ಬದಿಗೂ ಇಳಿಬೀಳುವ ಜೋಡಿ ಚೀಲ, ಕೌದಿಯ ದಪ್ಪ. ಒಳಗೆ ಬಳೆಯ ಸಾಲುಗಳು ಒಂದಕ್ಕೊಂದು ತಾಗದಂತೆ ಉದ್ದುದ್ದ ಖಾನೆಗಳು. ಮಾಮ ಕಲ್ಲುಹಾಸಿನ ಮೇಲೆ ಹೋಗಿ ಬಂದ. ಕಿವಿ ಹಚ್ಚಿದ. ತಲೆ ಎತ್ತಿ ಅವ್ವನ ಕಡೆ ನೋಡಿ, "ಸದ್ದಿಲ್ಲ" ಅಂದ. ಮತ್ತೆ ಕಿವಿ ಹಚ್ಚಿದ. "ಸದ್ದ ಇಲ್ಲಬೇ ತಂಗಿ."

ಆ ಬೇಸಿಗೆ ರಜೆಗೆ ನನ್ನನ್ನು ಸೋದರತ್ತೆಯ ಊರಿಗೆ ಬಿಡಲು ಮಾಮ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಮದುವೆಮನೆಗೆ ಬಳೆ ತೊಡಿಸುವುದಿತ್ತು. ಕಟ್ಟೆಯ ತುಂಬ ಹೆಂಗಸರು. ಮಾಮ ಹಸಿಬೆ ಇಳಿಸಿ ಬಿಚ್ಚಿದ್ದೇ ತಡ, ನಮ್ಮ ಓಣಿಯಿಂದ ಆ ಊರಿಗೆ ಮದುವೆಯಾಗಿ ಬಂದಿದ್ದ ಅಕ್ಕನೊಬ್ಬಳು ಓಡಿಬಂದು ಅದನ್ನು ಸವರಿದಳು. ತವರಿನ ಸೀರೆ ಕಂಡ ಖುಷಿ ಅವಳಿಗೆ.

"ಅಯ್ಯ ಮಾಮಾ, ಇದು ನಮ್ಮವ್ವನ ಸೀರಿ ತುಂಡು. ಕೌದಿ ಚಿಗವ್ವ ಹೊಲಿದದ್ದಲ್ಲೇನು ಇದು?"

ಮದುವೆಮನೆಯ ಹಿರಿಯಾಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಯಾರು ಆಕಿ?"

"ನಮ್ಮ ತಂಗಿ ರಿ" ಅಂದ ಮಾಮ.

"ಮುತ್ತೈದಿಯೇನು?"

ಮಾಮ ನನ್ನ ಕಡೆ ನೋಡಿದ. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಓಣಿಯ ಅಕ್ಕ ಆಗಲೇ ತಲೆ ತಗ್ಗಿಸಿದ್ದಳು, ಅವಳೇನೂ ಬಾಯಿ ಬಿಡುತ್ತಿರಲಿಲ್ಲ.

"ಕೌದಿ ಹೊಲಿಯಾಕಿ ರಿ" ಅಂದ.

"ನಾ ಕೇಳಿದ್ದು ಅದಲ್ಲ."

"ನಾ ಹೇಳೋದು ಅಷ್ಟ ರಿ, ಯವ್ವಾ."

ಅವರು ಜಗಳವಾಡಲಿಲ್ಲ, ಮೆಲ್ಲಗೇ ಹೇಳಿದರು. "ಶುಭಕಾರ್ಯ ಐತಪ್ಪಾ. ಬ್ಯಾರೆ ಚೀಲದಾಗ ಬ್ಯಾರೆ ಬಳಿ ತಗೊಂಡು ಬಾ, ಇಡಿಸ್ಕೊಂತೀವಿ." ಮಾಮ ಬಿಚ್ಚಿದ್ದ ಖಾನೆಗಳನ್ನು ಒಂದೊಂದಾಗಿ ಮುಚ್ಚಿದ. ಅವನ ಕೈ ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಊರು ದಾಟಿದ ಮೇಲೆ, "ಅವ್ವಗ ಹೇಳಬ್ಯಾಡ" ಅಂದ. ನಾನು ಹೇಳಲಿಲ್ಲ. ಆದರೆ ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಸುದ್ದಿ ನಮ್ಮ ಓಣಿಗೂ, ಕೂಡ್ಲಿಗಿ ಕಡೆಯ ಬೇರೆ ಊರುಗಳಿಗೂ ಹೋಗಿತ್ತು. ಮಾಮ ಹೋದಲ್ಲೆಲ್ಲ ಮೊದಲು ಚೀಲ ನೋಡುತ್ತಿದ್ದರಂತೆ, ಆಮೇಲೆ ಬಳೆ.

ಒಂದು ಸಂಜೆ ಅವ್ವ ಬ್ಲೇಡು ಹಿಡಿದು ಅವನ ಗಾಡಿಯ ಹತ್ತಿರ ಹೋಗಿ ನಿಂತಳು.

"ಕೊಡಣ್ಣಾ, ಬಿಚ್ಚಿಬಿಡ್ತೀನಿ. ನನ್ನ ಸಲುವಾಗಿ ನಿನ್ನ ಮಕ್ಕಳ ಹೊಟ್ಟಿ ಮ್ಯಾಲೆ ಹೊಡ್ತ ಯಾಕ?"

ಮಾಮ ಹಸಿಬೆಯ ಮೇಲೆ ಕೈ ಇಟ್ಟ. "ಹೊಲಿಯೋದು ನಿನ್ನ ಕೆಲಸ, ಮುಗಿದೈತಿ. ಒಯ್ಯೋದು ನಂದು. ನೀ ಒಳಗ ನಡಿ."

"ಯಾಪಾರ?"

"ದಾರಿ ಬದ್ಲಿ ಮಾಡ್ತೀನಿ. ನನಗೂ ಆ ಕಡಿ ತಿರುಗಿ ತಿರುಗಿ ಬ್ಯಾಸರಾಗೇತಿ."

ಬೇಸರವೇನೂ ಆಗಿರಲಿಲ್ಲ, ಅದು ಅವ್ವನಿಗೂ ಗೊತ್ತಿತ್ತು. ಹತ್ತಿರದ ಊರುಗಳನ್ನು ಬಿಟ್ಟು ಅವನು ಹರಪನಹಳ್ಳಿ ದಾಟಿ ತೆಲಿಗಿ ಕಡೆಗೆ ಹೊರಟ. ಹೆಚ್ಚು ದೂರ, ಹೆಚ್ಚು ಪೆಟ್ರೋಲು, ಹೊಸ ಗಿರಾಕಿ. ಕೋಳಿ ಕೂಗುವ ಹೊತ್ತಿಗೆ ಅವನ ಕಿಕ್ಕಿನ ಸದ್ದು ಕೇಳಿಸಿದರೆ ಅವ್ವ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದಳು, ಗಾಡಿ ಓಣಿ ದಾಟುವವರೆಗೆ ಹಾಗೇ ಇರುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಎರಡೂ ಮನೆಗಳಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಮಾಮನ ಹೆಂಡತಿ ಕೆಲವು ದಿನ ಅವ್ವನೊಂದಿಗೆ ಮಾತು ಬಿಟ್ಟಿದ್ದರು. ಅವರದು ತಪ್ಪೆಂದು ನಾನು ಹೇಳಲಾರೆ.

ಆದರೆ ಆ ದಾರಿಯಲ್ಲಿ ಇನ್ನೊಂದು ನಡೆಯಿತು. ಗಾಡಿಯ ಮೇಲೆ ಊರೂರು ತಿರುಗುವವರು ಒಂದೇ ಚಹಾದಂಗಡಿಗಳಲ್ಲಿ ನಿಲ್ಲುತ್ತಾರೆ. ಅಲ್ಲಿ ಮಾಮ ಹಸಿಬೆಯನ್ನು ಬಡಿದು ಬಡಿದು ತೋರಿಸಿದ. ಮೊಟ್ಟೆ ಮಾರುವವರು ಒಂದು ಹೊಲಿಸಿಕೊಂಡರು. ಕನ್ನಡಿ, ದೇವರ ಪಟ ಮಾರುವವರೊಬ್ಬರು ಬಂದರು. ಪಿಂಗಾಣಿ ಕಪ್ಪು ಬಸಿ ಮಾರುವವರು ಹರಪನಹಳ್ಳಿಯಿಂದಲೇ ಹೇಳಿಕಳಿಸಿದರು. ಹೊಲಿದದ್ದು ಯಾರೆಂದು ಕೇಳಿದರೆ, "ನಮ್ಮ ತಂಗಿ. ಗಂಡ ಇಲ್ಲ, ಮಗಳು ಓದ್ತಾಳ" ಎಂದು ಮೊದಲೇ ಹೇಳಿಬಿಡುತ್ತಿದ್ದನಂತೆ. ಬೇಡ ಎನ್ನುವವರು ಅಲ್ಲಿಯೇ ಬೇಡ ಅನ್ನಲಿ ಎಂದು.

ಹಾಸಿಗೆಯ ಕೌದಿಯಿಂದ ನಮ್ಮ ಹೊಟ್ಟೆ ನಡೆಯುತ್ತಿತ್ತು. ನಾನು ಕಾಲೇಜು ಕಂಡದ್ದು ಗಾಡಿಯ ಕೌದಿಗಳಿಂದ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಬಿ.ಎಸ್ಸಿ. ಫಲಿತಾಂಶ ಬಂದ ದಿನ ಮಾಮ ದಾರಿ ಬಿಟ್ಟು ಮಧ್ಯಾಹ್ನವೇ ಮನೆಗೆ ಬಂದ. ಹಸಿಬೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ನನ್ನನ್ನು ಎದುರಿಗೆ ಕೂರಿಸಿಕೊಂಡ. ಅವತ್ತು ಅವನೂ ಕೂತ. ಓಣಿಯ ಹೆಂಗಸರು ಸುತ್ತ ಸೇರಿದರು. ಅವ್ವ ಬಾಗಿಲ ಹಿಂದೆ ನಿಂತಿದ್ದಳು.

"ತಂಗೆವ್ವಾ, ಹಸರು ಬಳಿ ತೆಗಿ."

ಅವ್ವ ಅಲುಗಾಡಲಿಲ್ಲ.

"ಯಾಕಪ್ಪಾ, ನೀನ ತೆಗದ್ರ ಆಗಂಗಿಲ್ಲೇನು?" ಎಂದರು ಒಬ್ಬರು.

"ಚೀಲ ಹೊಲಿದಾಕಿ ಆಕಿ. ಯಾವ ಖಾನ್ಯಾಗ ಏನೈತಿ ಅಂತ ಆಕಿಗೇ ಗೊತ್ತು" ಎಂದು, ಬಳೆ ಏರಲೆಂದು ನನ್ನ ಕೈಯನ್ನು ಹಿಚುಕುತ್ತಲೇ ಇದ್ದ. "ಪೆನ್ನು ಹಿಡಿದ ಕೈ ನೋಡ್ರಿ, ಮೂಳಿ ಎಲ್ಲ ಬಿರುಸಾಗ್ಯಾವ. ಅಳಬ್ಯಾಡ ಮತ್ತ, ಬಿಯೆಸ್ಸಿ."

ನಗು ಎದ್ದಿತು. ಆ ನಗುವಿನ ನಡುವೆ ಅವ್ವ ಹೊರಗೆ ಬಂದಳು. ಖಾನೆ ಬಿಚ್ಚಿ ಬಳೆ ತೆಗೆದು ಅವನ ಅಂಗೈಗೆ ಇಟ್ಟಳು. ಬಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಮಾಮ ತೊಡಿಸಿದ. ಮತ್ತೆ ಕೈ ಚಾಚಿದ, ಮತ್ತೆ ಕೊಟ್ಟಳು. ಇಬ್ಬರು ಎದ್ದು ಹೋದರು. ಉಳಿದವರಲ್ಲಿ ಒಬ್ಬರು ಅಲ್ಲಿಯೇ ಕೈ ಮುಂದೆ ಮಾಡಿ, "ನನಗೂ ಇಡಸು, ಆಕಿ ಕೈಲೆ ತಗದು ಕೊಡ್ಲಿ" ಎಂದರು. ಮೊದಲು ಅವ್ವನೊಂದಿಗೆ ಮಾತು ಬಿಟ್ಟಿದ್ದ ಮಾಮನ ಹೆಂಡತಿ ಅವರು.

ಆಮೇಲೆ ನನಗೆ ಬಿ.ಎಡ್., ಕೆಲಸ, ಹಡಗಲಿ. ಅವ್ವನನ್ನು ಕರೆದುಕೊಂಡು ಬಂದೆ. ಮಾಮನ ಮೊಣಕಾಲು ಕೈಕೊಟ್ಟಿತು, ಗಾಡಿ ಮಾರಿ ದಾವಣಗೆರೆಯ ಮಗಳ ಮನೆ ಸೇರಿದ. ಬಾಗಿಲ ಮುಂದೆ ಕುರ್ಚಿ ಹಾಕಿಕೊಟ್ಟರೂ ಕೂರದೆ ಕೋಲೂರಿ ಬೀದಿಯ ಉದ್ದಕ್ಕೂ ಓಡಾಡುತ್ತಿದ್ದನಂತೆ. ತೀರಿಹೋದ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು... ಅವನು ಗಾಡಿ ಮಾರುವ ಮುಂಚೆ, ಕೊನೆಕೊನೆಗೆ, ಕೂಡ್ಲಿಗಿ ಕಡೆಯ ಕೆಲವು ಊರವರು ಅವನನ್ನು ಮತ್ತೆ ಕರೆದಿದ್ದರು. ಆ ಮದುವೆಮನೆಯವರು ಮಾತ್ರ ಕರೆಯಲಿಲ್ಲ. ಹಸಿಬೆ ಏನಾಯಿತೆಂದು ಅವನ ಮಗಳನ್ನು ಕೇಳಿದೆ. ಹರಿದು ಚಿಂದಿಯಾಗಿತ್ತು, ಯಾವಾಗ ಎಸೆದರೋ ನೆನಪಿಲ್ಲ ಅಂದಳು.

ಆ ದಿನ ನಾನು ಕೊಟ್ಟೂರಿನಿಂದ ಬರಿಗೈಯಲ್ಲಿ ಬಂದದ್ದನ್ನು ಕಂಡು ಅವ್ವ, "ಇಷ್ಟು ಊರು ತಿರುಗಿ ಒಂದು ಚೀಲ ಸಿಗಲಿಲ್ಲೇನ?" ಅಂದಳು. ಟೆಸ್ಟ್ ಟ್ಯೂಬೊಂದನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಅಳತೆ ಮಾಡಿದಳು. ಮರುದಿನ ನನ್ನ ಹಳೆಯ ಸೀರೆಗಳು ಟ್ರಂಕಿನಿಂದ ಹೊರಗಿದ್ದವು. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಅವಳಿಗೀಗ ಇಲ್ಲ; ಶಾಲೆಗೆ ಹೊರಡುವ ಮೊದಲು ನಾನು ಸೂಜಿಗಳಿಗೆಲ್ಲ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಹೊಲಿಗೆಯ ಸಾಲು ಮೊದಲಿನಂತೆ ನೇರವಾಗಿರಲಿಲ್ಲ. ಕೊನೆಯ ಮೂಲೆಗೆ ಜೋಳ ತುಂಬಿ ಮುಚ್ಚಿದಳು.

ನಿನ್ನೆ ಅದನ್ನು ಬೈಕಿಗೆ ಹಾಕಿ, ಗಾಜೆಲ್ಲ ತುಂಬಿ ಮಾಗಳದ ರಸ್ತೆಗೆ ಹೋದೆ. ತಗ್ಗುಗಳನ್ನು ತಪ್ಪಿಸಲಿಲ್ಲ. ಮರಳಿ ಬಂದು ಮನೆಯ ಮುಂದೆ ಎಂಜಿನ್ ಬಂದ್ ಮಾಡಿ, ಬಗ್ಗಿ ಕಿವಿ ಹಚ್ಚಿ ಅಲುಗಿಸಿದೆ. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ನಾನು ತಲೆ ಎತ್ತಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಖಾಲಿ ಬೀದಿಯ ತುದಿಯನ್ನು ನೋಡುತ್ತಿದ್ದಳು.

"ಸದ್ದಿಲ್ಲಬೇ" ಅಂದೆ.

"ಅಂವ ಇನ್ನೊಮ್ಮೆ ಕಿವಿಗೊಟ್ಟು ಕೇಳ್ತಿದ್ದ" ಅಂದಳು.

ನಾನು ಮತ್ತೆ ಬಗ್ಗಿ ಕಿವಿ ಹಚ್ಚಿದೆ.